ರಾಯಚೂರಲ್ಲಿ ದಮ್ಮಿನ ಪೇಷಂಟ್ ನೋಡಲು ಮನೆಗೆ ಬರುವ ಡಾಕ್ಟರ್ ಸಿಗ್ತಾರಾ?

ತಂದೆಗೆ ಸಿಒಪಿಡಿ (ಶ್ವಾಸಕೋಶ ಕೆಟ್ಟು ವರ್ಷಗಟ್ಟಲೆ ಕಾಡುವ ದಮ್ಮು), ಮನೆಯಲ್ಲೇ ಆಕ್ಸಿಜನ್, ಎದ್ದು ಓಡಾಡಲು ಆಗಲ್ಲ, ವಾರಕ್ಕೆ ಎರಡು ಸಲ ಡಾಕ್ಟರ್ ಬರುವ ಪ್ಯಾಕೇಜ್ ತಗೊಳ್ಳಲಾ ಅಂತ ಕೇಳಿದ್ದೀರಿ. ತಗೋಬೇಡಿ.

ನಮ್ಮದು ಮಾನ್ವಿ ಕಡೆ ಹಳ್ಳಿ. ನಮ್ಮ ಅವ್ವ ಬೀಡಿ ಮುಟ್ಟಿದವಳಲ್ಲ, ಆದರೆ ಜೀವನವೆಲ್ಲ ಹತ್ತಿ ಕಟ್ಟಿಗೆ ಉರಿಸಿ ರೊಟ್ಟಿ ಬಡಿದವಳು. ಒಲೆ ಹೊಗೆಯಿಂದಲೂ ಈ ಕಾಯಿಲೆ ಬರುತ್ತದೆ. ದಮ್ಮು ಜಾಸ್ತಿಯಾದಾಗಲೆಲ್ಲ ಫೋನ್ ಮಾಡಿದರೆ ಒಬ್ಬ ಡಾಕ್ಟರ್ ಬೈಕಿನಲ್ಲಿ ಬರುತ್ತಿದ್ದರು. ಎದೆಗೆ ಸ್ಟೆತಸ್ಕೋಪ್ ಇಟ್ಟು, ಇಂಜೆಕ್ಷನ್ ಮಾಡಿ, ಒಮ್ಮೊಮ್ಮೆ ಸಲಾಯಿನ್ ಹಚ್ಚಿ, ದುಡ್ಡು ತಗೊಂಡು ಹೋಗುತ್ತಿದ್ದರು. ಮನೆಗೇ ಡಾಕ್ಟರ್ ಬರ್ತಾರೆ ಅಂತ ಓಣಿಯಲ್ಲಿ ನಮಗೆ ಒಂದು ಮರ್ಯಾದೆ ಬೇರೆ! ಅಷ್ಟು ಸಲ ಬಂದರೂ ಆಕ್ಸಿಜನ್ ಮೆಷಿನ್ ಎಷ್ಟರ ಮೇಲಿದೆ ಅಂತ ಅವರು ಬಗ್ಗಿ ನೋಡಲಿಲ್ಲ.

ಆಸ್ಪತ್ರೆಯವರು ಬರೆದುಕೊಟ್ಟಿದ್ದು ನಿಮಿಷಕ್ಕೆ 1 ಲೀಟರ್. ಒಂದು ರಾತ್ರಿ ಬೆರಳಿನ ಆಕ್ಸಿಮೀಟರ್ 89 ತೋರಿಸಿತು. ಕೊರೊನಾ ಟೈಮಲ್ಲಿ 94ಕ್ಕಿಂತ ಕೆಳಗೆ ಬಂದರೆ ಆಸ್ಪತ್ರೆಗೆ ಓಡಿ ಅಂತ ಕೇಳಿ ಕೇಳಿ ನನ್ನ ತಲೆಯಲ್ಲಿ ಅದೇ ಕೂತಿತ್ತು. ನಾನು ತಿರುಪು ತಿರುಗಿಸಿ 4 ಲೀಟರಿಗೆ ಏರಿಸಿದೆ. ಆಕ್ಸಿಮೀಟರ್ 97 ಆಯಿತು. ಅವ್ವನಿಗೆ ನಿದ್ದೆ ಹತ್ತಿತು. ಎಷ್ಟೋ ದಿನದಿಂದ ಕೂತೇ ರಾತ್ರಿ ಕಳೆಯುತ್ತಿದ್ದವಳು, ಮಲಗಲಿ ಬಿಡು ಅಂದುಕೊಂಡೆವು. ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ. ಹೂಂ ಅನ್ನುತ್ತಾಳೆ, ಕಣ್ಣು ತೆರೆಯಲ್ಲ.

ಅದು ನಿದ್ದೆ ಆಗಿರಲಿಲ್ಲ. ವರ್ಷಗಟ್ಟಲೆ ಶ್ವಾಸಕೋಶ ಕೆಟ್ಟಿರುವವರಲ್ಲಿ ಕೆಲವರಿಗೆ ಆಕ್ಸಿಜನ್ ಅತಿಯಾದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತಾ ಹೋಗುತ್ತದೆ. ಮಂಪರು ಬರುವುದು ಅದರಿಂದ. ಆಕ್ಸಿಮೀಟರ್ ಅದನ್ನು ತೋರಿಸುವುದೇ ಇಲ್ಲ, ಅದು ತೋರಿಸುವುದು ಆಕ್ಸಿಜನ್ ಮಾತ್ರ. ಇಂಥವರಿಗೆ ಸಾಮಾನ್ಯವಾಗಿ 88ರಿಂದ 92 ಇದ್ದರೆ ಸಾಕು ಅಂತ ಡಾಕ್ಟರುಗಳು ಇಟ್ಟುಕೊಳ್ಳುತ್ತಾರೆ. ಅಂದರೆ ನಾನು ಗಾಬರಿಯಾದ 89 ಸರಿಯಾಗೇ ಇತ್ತು! ಖುಷಿಪಟ್ಟ 97 ವಿಷವಾಯಿತು. ಐಸಿಯುನಲ್ಲಿ ಬೈಪ್ಯಾಪ್ ಮಾಸ್ಕ್ (ಗಾಳಿ ಒತ್ತಿ ಉಸಿರಾಡಿಸುವ ಮೆಷಿನ್ನಿನ ಮಾಸ್ಕ್) ಹಾಕಿ ಉಳಿಸಿದರು. ಆ ವರ್ಷದ ಹತ್ತಿ ದುಡ್ಡು ಪೂರ್ತಿ ಹೋಯಿತು. ದುಡ್ಡು ಹೋಗಲಿ, ಬಚ್ಚಲಿಗೆ ತಾನೇ ನಡೆದು ಹೋಗುತ್ತಿದ್ದ ಅವ್ವ ಆಮೇಲೆ ಹಾಸಿಗೆ ಬಿಟ್ಟು ಏಳಲಿಲ್ಲ.

ಹಾಗಂತ ನೀವಾಗಿಯೇ ಆಕ್ಸಿಜನ್ ಕಡಿಮೆ ಮಾಡೋದು, ಬಂದ್ ಮಾಡೋದು ಬೇಡ. ಅದೂ ಅಪಾಯವೇ. ಡಾಕ್ಟರ್ ಬರೆದಿದ್ದೆಷ್ಟೋ ಅಷ್ಟು.

ಡಿಸ್ಚಾರ್ಜ್ ಆದ ಮೇಲೆ ಕೈಕಾಲು ಹಿಡಿದು ಒಬ್ಬ ಎದೆ ಡಾಕ್ಟರನ್ನು ಒಂದೇ ಸಲ ಮನೆಗೆ ಕರೆತಂದೆವು. ಅವರು ಇಂಜೆಕ್ಷನ್ ಮಾಡಲೇ ಇಲ್ಲ. ಮೊದಲು ಅಡುಗೆಮನೆ ನೋಡಿದರು. ಮೆಷಿನ್ ಪಕ್ಕದಲ್ಲಿದ್ದ ದೇವರ ದೀಪ ದೂರ ಇಡಿಸಿದರು, ಆಕ್ಸಿಜನ್ ಹತ್ತಿರ ಬೆಂಕಿ ಇಡಬಾರದು ಅಂತ ನಮಗೆ ಹೊಳೆದೇ ಇರಲಿಲ್ಲ. ಎದುರಿಗೇ ಇನ್‌ಹೇಲರ್ ತಗೊಳ್ಳಮ್ಮ ಅಂದರು. ಅವ್ವ ಒತ್ತುವುದು ಒಂದು ಕ್ಷಣ, ಉಸಿರು ಎಳೆಯುವುದು ಇನ್ನೊಂದು ಕ್ಷಣ. ಔಷಧಿಯೆಲ್ಲ ನಾಲಿಗೆ ಮೇಲೆ! ಇನ್‌ಹೇಲರಿಗೆ ಸಿಕ್ಕಿಸಿ ಔಷಧಿಯನ್ನು ನಿಧಾನಕ್ಕೆ ಎಳೆದುಕೊಳ್ಳುವ ಕೊಳವೆ, ಸ್ಪೇಸರ್, ಬರೆದುಕೊಟ್ಟರು. ನಿಮಗೆ ಬೇಕಾಗಿರುವ ವಿಸಿಟ್ ಇದು. ಅವರು ಎಷ್ಟು ಕೇಳಿದರೂ ಕೊಡಿ.

ಆಮೇಲೆ ವಾರವಾರ ಬರಬೇಕಾದ್ದು ಡಾಕ್ಟರಲ್ಲ, ಒಬ್ಬ ನರ್ಸ್ ಮತ್ತು ಉಸಿರಾಟದ ವ್ಯಾಯಾಮ ಮಾಡಿಸುವ ಫಿಸಿಯೋ. ಮಾತ್ರೆ ವಿಚಾರಿಸಲು ಫೋನಿನಲ್ಲೇ ಡಾಕ್ಟರ್ ಜೊತೆ ಮಾತಾಡುವ ಸರ್ಕಾರದ ಇ-ಸಂಜೀವಿನಿ ಉಚಿತವಾಗಿದೆ. ಬೆಂಗಳೂರಿಗೆ ಶಿಫ್ಟ್ ಮಾಡಲಾ ಅಂತಲೂ ಕೇಳಿದ್ದೀರಲ್ಲ, ನನಗಂತೂ ಅದು ಸುಮ್ನೆ ಖರ್ಚು. ಆ ದುಡ್ಡಲ್ಲಿ ಮೊದಲು ಮೆಷಿನ್ ಎಳೆಯುವಂಥ ಇನ್ವರ್ಟರ್ ಹಾಕಿಸಿ, ಒಂದು ಸಣ್ಣ ಸಿಲಿಂಡರ್ ತುಂಬಿಸಿಡಿ. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟಿನ ಕಥೆ ನಿಮಗೇ ಗೊತ್ತು.

ಮಾತು ತಡವರಿಸಿದರೆ, ತುಟಿ ನೀಲಿಯಾದರೆ, ಮಂಪರಿದ್ದರೆ ಮನೆಗೆ ಯಾರನ್ನೂ ಕರೆಯುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಹುಡುಗರು ಗಾಬರಿಯಲ್ಲಿ ಆಕ್ಸಿಜನ್ ಜಾಸ್ತಿ ಬಿಟ್ಟುಬಿಡಬಹುದು. ಅದಕ್ಕೇ ಆಕ್ಸಿಮೀಟರ್ ಎಷ್ಟರಿಂದ ಎಷ್ಟರವರೆಗೆ ಇರಬೇಕು ಅಂತ ನಿಮ್ಮ ಡಾಕ್ಟರ್ ಕೈಲೇ ಬರೆಸಿಕೊಂಡ ಚೀಟಿಯನ್ನು ತಂದೆಯ ಫೈಲಿಗೆ ಮೇಲೇ ಅಂಟಿಸಿಡಿ, ಬಾಯಲ್ಲೂ ಹೇಳಿ.