ಎಂಟು ಯೂನಿಟ್, ಒಂದು ಪ್ಲಾಂಟ್: ಉಪ್ಪಿನ ಜವಾಬ್ದಾರಿ ಯಾರದು?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ, ಊರು ಮಾತ್ರ ಬೇರೆ ಬೇರೆ. 22 ವರ್ಷದಿಂದ ಬಣ್ಣದ ಯೂನಿಟ್‌ಗಳ ಕೊಳಚೆ ನೀರಿನ ಜೊತೆನೇ ಕೆಲ್ಸ ಮಾಡ್ತಿದೀನಿ, ಇದಕ್ಕೆ ಫೋನಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಒಂದೇ ಸಲ ಪೂರ್ತಿ ಬರೆದುಬಿಡ್ತೀನಿ. ಇಟಿಪಿ ಅಂದ್ರೆ ಕೊಳಚೆ ನೀರು ಶುದ್ಧ ಮಾಡೋ ಪ್ಲಾಂಟ್, ಆರ್‌ಓ ಅಂದ್ರೆ ನೀರಿಂದ ಉಪ್ಪನ್ನ ಸೋಸಿ ಬೇರೆ ಮಾಡೋ ಯಂತ್ರ, ಅದಕ್ಕಿಂತ ಹೆಚ್ಚು ವಿವರಿಸಲ್ಲ, ಯೂನಿಟ್ ನಡೆಸೋರಿಗೆ ಅಷ್ಟು ಗೊತ್ತಿರ್ಲೇಬೇಕು.

ಮೇಡಂ, ನಮ್ದು ಬಾಗಲಕೋಟೆ ಜಿಲ್ಲಾ. ನೂಲಿಗೆ ಬಣ್ಣಾ ಹಾಕೋ 8 ಯೂನಿಟ್‌ನವರು ಕೂಡಿ ಕೊಳಚಿ ನೀರ ಶುದ್ಧ ಮಾಡಾಕ ಒಂದ ಕಾಮನ್ ಪ್ಲಾಂಟ್ ಮಾಡೂಣು ಅಂತ ಮಾಡೇವ್ರಿ. ಕನ್ಸಲ್ಟಂಟ್ ಒಬ್ಬರು ಅಗ್ರಿಮೆಂಟ್ ಬರದ ಕೊಟ್ಟಾರ, ಒಂದ ಬ್ರ್ಯಾಂಡ್‌ನವರೂ ಪಾರ್ಟ್ನರ್ ಆಗ್ತೀವಿ ಅಂದಾರ. ಸಹಿ ಮಾಡೂದೋ ಬ್ಯಾಡೋ?

ಈಗ್ಲೇ ಮಾಡ್ಬೇಡಿ. ನೀವು ಕಳಿಸಿದ ಅಗ್ರಿಮೆಂಟ್ ಎರಡು ಸಲ ಓದಿದೆ. ಶೇರು ಯಾರಿಗೆಷ್ಟು, ಜಾಗ ಯಾರದು, ಸಬ್ಸಿಡಿ ಬಂದ್ರೆ ಹೆಂಗೆ ಹಂಚ್ಕೋಬೇಕು, ಗೇಟಿನ ಬೋರ್ಡಲ್ಲಿ ಯಾರ್ಯಾರ ಹೆಸ್ರು ಬರ್ಬೇಕು ಅನ್ನೋವರೆಗೂ ಬರೆದಿದಾರೆ, ಆದ್ರೆ ಉಪ್ಪು ಅನ್ನೋ ಪದ ಒಂದು ಕಡೆನೂ ಇಲ್ಲ.

ರಿಯಾಕ್ಟಿವ್ ಬಣ್ಣ ನೂಲಿಗೆ ಹತ್ತಬೇಕಂದ್ರೆ ಉಪ್ಪು ಹಾಕ್ತೀರಿ, ಗಾಢ ಬಣ್ಣಕ್ಕೆ ಲೀಟರಿಗೆ 60-80 ಗ್ರಾಂವರೆಗೂ ಹೋಗುತ್ತೆ, ಅದ್ರಲ್ಲಿ ಒಂದು ಚಿಟಿಕೆನೂ ನೂಲಲ್ಲಿ ಉಳಿಯಲ್ಲ, ಅಷ್ಟೂ ಮೋರಿಗೇ. ನೀವು ಹೇಳಿದ ಹಾಗೆ ಒಂದು ಯೂನಿಟ್‌ಗೆ ದಿನಕ್ಕೆ 25,000 ಲೀಟರ್ ಅಂದ್ರೆ ಎಂಟಕ್ಕೆ 2 ಲಕ್ಷ ಲೀಟರ್. ತೊಳೆದ ನೀರೆಲ್ಲಾ ಸೇರಿ ಲೀಟರಿಗೆ ಸರಾಸರಿ 6 ಗ್ರಾಂ ಅಂತ ಹಿಡೀರಿ, ದಿನಕ್ಕೆ 1,200 ಕೆಜಿ ಉಪ್ಪು ಆಯ್ತು. ವರ್ಷದಲ್ಲಿ 300 ದಿನ ನಡೆಸಿದ್ರೆ 360 ಟನ್. ಆರ್‌ಓ ಇದನ್ನ ಕರಗಿಸಿಬಿಡಲ್ಲ, 1.7 ಲಕ್ಷ ಲೀಟರ್ ಒಳ್ಳೆ ನೀರು ಕೊಟ್ಟು ಉಳಿದ 30,000 ಲೀಟರಲ್ಲಿ ಅಷ್ಟೂ ಉಪ್ಪನ್ನ ತುಂಬಿ ನಿಮ್ಮ ಕೈಗೆ ಕೊಡುತ್ತೆ. ಆ 30,000 ಲೀಟರನ್ನ ದಿನಾ ಕುದಿಸಿ ಇಂಗಿಸೋ ಇವಾಪೊರೇಟರ್‌ಗೆ ಸೌದೆ, ಕರೆಂಟ್ ಯಾರು ಕೊಡ್ತಾರೆ? ಪ್ಲಾಂಟ್ ಕಟ್ಟೋಕೆ ದುಡ್ಡು ಹೆಂಗೋ ಹುಟ್ಟುತ್ತೆ, ನಡೆಸೋಕೆ ಪ್ರತಿ ತಿಂಗಳೂ ಹುಟ್ಟಬೇಕು, ಬಹಳ ಪಾಲುದಾರಿಕೆಗಳು ಮುರಿದು ಬೀಳೋದು ಇಲ್ಲೇ.

ತಿರುಪ್ಪೂರಿನವ್ರು ಈ ಪಾಠಕ್ಕೆ ಎಷ್ಟು ಬೆಲೆ ಕೊಟ್ರು ಅಂತ ನೋಡಿ. ಅಲ್ಲಿ ಡೈಯಿಂಗ್‌ನವ್ರು 90ರ ದಶಕದಲ್ಲೇ ಗುಂಪು ಗುಂಪಾಗಿ ಸೇರಿ ಕಂಪನಿ ಮಾಡ್ಕೊಂಡು ಕಾಮನ್ ಪ್ಲಾಂಟ್ ಕಟ್ಟಿದ್ರು, ಬಣ್ಣ ಹೋಯ್ತು, ಉಪ್ಪು ಹಂಗೇ ನೊಯ್ಯಲ್ ನದಿಗೆ ಹೋಯ್ತು. ಕೆಳಗಡೆ ಒರತ್ತುಪಾಳೆಯಂ ಅಣೆಕಟ್ಟು ಕಟ್ಟಿದ್ದು ನೀರಾವರಿಗೆ, ಅದು ಬಣ್ಣದ ನೀರಿನ ಗುಂಡಿ ಆಗಿ ರೈತರೇ ಆ ನೀರು ನಮ್ಗೆ ಬಿಡ್ಬೇಡಿ ಅಂತ ಕೋರ್ಟಿಗೆ ಹೋದ್ರು. 2006ರಲ್ಲಿ ಮದ್ರಾಸ್ ಹೈಕೋರ್ಟ್ ಒಂದು ಹನಿನೂ ಹೊರಗೆ ಬಿಡಬಾರದು ಅಂತ ಗಡುವು ಕೊಟ್ಟು, ಬಿಟ್ರೆ ಲೀಟರಿಗೆ ಇಷ್ಟು ಪೈಸೆ ಅಂತ ದಂಡ ಹಾಕ್ತು, ಆಗ್ಲೂ ಸರಿಹೋಗ್ಲಿಲ್ಲ, 2011ರ ಜನವರಿ 28ಕ್ಕೆ 700ಕ್ಕೂ ಹೆಚ್ಚು ಯೂನಿಟ್ ಒಟ್ಟಿಗೇ ಬಂದ್. ತಪ್ಪು ಮಾಡ್ದೋರು, ಮಾಡದೋರು ಇಬ್ರೂ ಬೀಗ ಹಾಕಿದ್ರು. ಆಮೇಲೆ ತಮಿಳುನಾಡು ಸರ್ಕಾರ 200 ಕೋಟಿ ಬಡ್ಡಿ ಇಲ್ದೆ ಸಾಲ ಕೊಟ್ಟು, ಪ್ಲಾಂಟ್‌ಗಳು ಒಂದೊಂದೇ ಉಪ್ಪುನೀರನ್ನ ತಿರುಗಿ ಬಣ್ಣದ ತೊಟ್ಟಿಗೇ ಬಳಸೋ ದಾರಿ ಹಿಡಿದ ಮೇಲೆ ತೆರೆದಿದ್ದು. ಹಂಗಾಗಿ ಕೂಡಿ ಮಾಡೋದು ಸಾಧ್ಯ ಇದೆ, ನಾನು ಬೇಡ ಅಂತಿಲ್ಲ. ಆದ್ರೆ ಅವ್ರು ಕೊನೆಗೆ ಕಲಿತಿದ್ದನ್ನ ನೀವು ಮೊದಲ್ನೇ ಪುಟದಲ್ಲೇ ಬರೀರಿ.

ಏನು ಬರೀಬೇಕು? ಎಂಟೂ ಜನ ಗ್ಲಾಬರ್ ಸಾಲ್ಟೇ (ಸೋಡಿಯಂ ಸಲ್ಫೇಟ್) ಬಳಸ್ಬೇಕು, ಮಾಮೂಲಿ ಉಪ್ಪು ಒಬ್ರೂ ಬಳಸಬಾರದು, ಎರಡೂ ಬೆರೆತ್ರೆ ಇವಾಪೊರೇಟರ್‌ನಿಂದ ಬರೋದು ಮಿಶ್ರ ಉಪ್ಪು, ಅದನ್ನ ಕೊಳ್ಳೋರು ಸಿಗಲ್ಲ. ಅಂಥ ಶೆಡ್ ಒಳಗೆ ನಿಂತು ನೋಡಿದೀನಿ, ಸೂರು ಮುಟ್ಟೋವರೆಗೆ ಬಿಳಿ ಚೀಲ, ಮಳೆಗಾಲದ ತೇವ ಹೀರಿ ಕೆಳಗಿನ ಸಾಲು ಬಾಯಿ ಬಿಟ್ಟು ಕಂದು ನೀರು ನೆಲದ ಮೇಲೆ ಹರೀತಿತ್ತು. ಗಡಸು ನೀರನ್ನ ಮೆದು ಮಾಡೋ ಸಾಫ್ಟ್‌ನರ್ ತೊಳೆದ ನೀರನ್ನೂ ಬೇರೆ ಇಡ್ಬೇಕು, ಅದ್ರಲ್ಲಿರೋದು ಮಾಮೂಲಿ ಉಪ್ಪೇ, ಇದನ್ನ ಎಲ್ರೂ ಮರೀತಾರೆ.

ಇದಕ್ಕಿಂತ ಮುಖ್ಯ, ವಾಲ್ವ್ ಮುಚ್ಚೋ ಅಧಿಕಾರ. ಪ್ರತಿ ಯೂನಿಟ್‌ನ ಪೈಪಿಗೆ ಮೀಟರ್, ಬೀಗ ಇರೋ ವಾಲ್ವ್, ಬೀಗದ ಕೈ ಪ್ಲಾಂಟ್ ಮ್ಯಾನೇಜರ್ ಹತ್ರ. ಒಂದೂರಲ್ಲಿ ರಾತ್ರಿ 11ಕ್ಕೆ ಒಂದು ಯೂನಿಟ್ ಹಿಂದೆ ನಿಂತಿದ್ದೆ, ಮೀಟರ್ ಅಲ್ಲಾಡ್ತಿಲ್ಲ, ಪಕ್ಕದ ಮೋರಿಯಿಂದ ಹಬೆ ಏಳ್ತಿದೆ, ಟಾರ್ಚ್ ಬಿಟ್ರೆ ಕಡುನೀಲಿ ನೀರು. ಮಾರನೇ ದಿನ ಸಭೆ ಸೇರಿದ್ರೆ ಉಳಿದೋರೆಲ್ಲಾ ತಲೆ ತಗ್ಗಿಸಿ ಕೂತಿದ್ರು, ಯಾಕಂದ್ರೆ ಆ ಯೂನಿಟ್‌ನವ್ನು ಅವ್ರಿಗೆ ಬೀಗರ ಸಂಬಂಧ. ಆ ಪ್ಲಾಂಟ್ ಎರಡು ವರ್ಷದಲ್ಲಿ ನಿಂತೋಯ್ತು. ಎಂಟು ಜನರಲ್ಲಿ ನೆಂಟರಿಷ್ಟರು ಇದ್ದೇ ಇರ್ತೀರಿ, ಅದಕ್ಕೇ ನಿಮ್ಮಲ್ಲಿ ಒಬ್ರನ್ನ ಮ್ಯಾನೇಜರ್ ಮಾಡ್ಬೇಡಿ, ಹೊರಗಿನವ್ರನ್ನ ಇಟ್ಕೊಳ್ಳಿ. ನೀರು ಕಮ್ಮಿ ಕಳಿಸಿದ್ರೂ ಪಾಲಿಗೆ ತಕ್ಕ ಕನಿಷ್ಠ ದುಡ್ಡು ಪ್ರತಿ ತಿಂಗ್ಳು ಕಟ್ಟಲೇಬೇಕು ಅಂತ ಸೇರಿಸಿ, ಇಲ್ಲಾಂದ್ರೆ ದುಡ್ಡು ಉಳಿಸೋಕೆ ನೀರು ಮೋರಿ ಕಡೆ ತಿರುಗುತ್ತೆ.

ಬ್ರ್ಯಾಂಡ್‌ನವ್ರ ಪತ್ರನೂ ಓದಿದೆ. ಪಾರ್ಟ್ನರ್ ಅನ್ನೋ ಪದ ಆರು ಸಲ ಇದೆ, ರೂಪಾಯಿ ಒಂದು ಸಲನೂ ಇಲ್ಲ. ಬ್ರ್ಯಾಂಡ್‌ಗಳು ಕೈಜೋಡಿಸಿ ಏನೂ ಮಾಡಿಲ್ಲ ಅಂತಲ್ಲ, ಪರಿಸರ ಸಂಘಟನೆ ಗ್ರೀನ್‌ಪೀಸ್ ಬೆನ್ನು ಹತ್ತಿದ ಮೇಲೆ 2011ರಲ್ಲಿ ನೈಕಿ, ಪೂಮಾ, ಅಡಿಡಾಸ್, ಎಚ್ ಅಂಡ್ ಎಂ ಮುಂತಾದವ್ರು ಸೇರಿ ಜೆಡ್‌ಡಿಎಚ್‌ಸಿ ಅನ್ನೋ ಒಕ್ಕೂಟ ಶುರು ಮಾಡಿದ್ರು, ಯಾವ ಕೆಮಿಕಲ್ ಒಳಗೇ ಬರಬಾರದು ಅನ್ನೋ ಅವ್ರ ಪಟ್ಟಿ ನಿಜವಾಗ್ಲೂ ಉಪಯೋಗದ್ದು. 2013ರಲ್ಲಿ ಬಾಂಗ್ಲಾದೇಶದಲ್ಲಿ ವಿಶ್ವ ಬ್ಯಾಂಕ್ ಗುಂಪಿನ ಐಎಫ್‌ಸಿ ಶುರು ಮಾಡಿದ ಪ್ಯಾಕ್ಟ್ ಕಾರ್ಯಕ್ರಮದಲ್ಲಿ ಫ್ಯಾಕ್ಟರಿ ಒಳಗೆ ಹೋಗಿ ನೀರು, ಕರೆಂಟ್ ಎಲ್ಲಿ ದಂಡ ಆಗ್ತಿದೆ ಅಂತ ಅಳೆದು ಸರಿ ಮಾಡಿಸಿದ್ರು. ನಿಮ್ಮವ್ರನ್ನ ಕೇಳಿ: 3 ವರ್ಷಕ್ಕೆ ಇಷ್ಟು ಕೆಜಿ ನೂಲು ಈ ದರಕ್ಕೆ ತಗೋತೀವಿ, ನೀರು ಶುದ್ಧ ಮಾಡೋ ಖರ್ಚು ದರದಲ್ಲಿ ಸೇರಿದೆ ಅಂತ ಬರೆದು ಕೊಡ್ತೀರಾ? ಕೊಡಲ್ಲ ಅಂದ್ರೆ ಅವ್ರು ಗಿರಾಕಿ ಅಷ್ಟೆ, ಪಾಲುದಾರರಲ್ಲ, ಅವ್ರನ್ನ ನಂಬಿ ಸಾಲ ತೆಗೀಬೇಡಿ.

ಇನ್ನು ನಿಮ್ಮ ಕನ್ಸಲ್ಟಂಟು ತೋರ್ಸಿದ ಬ್ಯಾಕ್ಟೀರಿಯಾ ಪುಡಿ, ಉಪ್ಪು ತಿನ್ನುತ್ತೆ ಅಂದ್ರಂತಲ್ಲ, ಅದು ಶುದ್ಧ ಸುಳ್ಳು. ಉಪ್ಪನ್ನ ತಿಂದು ಇಲ್ಲ ಅನ್ನಿಸೋ ಬ್ಯಾಕ್ಟೀರಿಯಾ ಯಾವ್ದೂ ಇಲ್ಲ. ಬಕೆಟ್‌ಗೆ ಬ್ಲೀಚಿಂಗ್ ಹಾಕಿ ಬಣ್ಣ ಹೋಗೋದು ತೋರ್ಸಿದ್ರಂತೆ, ಮುಂದಿನ ಸಲ ನೂರು ರೂಪಾಯಿ ಚಿಲ್ಲರೆಗೆ ಸಿಗೋ, ನೀರಲ್ಲಿ ಕರಗಿರೋ ಉಪ್ಪು ಅಳೆಯೋ ಟಿಡಿಎಸ್ ಪೆನ್ನು ಅದೇ ಬಕೆಟ್‌ನಲ್ಲಿ ಅದ್ದಿ, ಮೊದಲಿಗಿಂತ ಜಾಸ್ತಿ ತೋರ್ಸುತ್ತೆ. ಆ ಮನುಷ್ಯನಿಗೆ ಅಡ್ವಾನ್ಸ್ ಕೊಟ್ಟಿದ್ರೆ ವಾಪಸ್ ಕೇಳಿ.

ಅಜೋ ಫ್ರೀ ಸರ್ಟಿಫಿಕೇಟ್ ಇದ್ರೆ ಇಟಿಪಿ ಬೇಕಾ?

ಬೇಕು. ಅದು ಹಾನಿಕಾರಕ ಅಜೋ ಬಣ್ಣ ಬಳಸಿಲ್ಲ ಅನ್ನೋ ಪತ್ರ, ಬಟ್ಟೆ ಉಡೋರ ಮೈಗೆ ಸಂಬಂಧಪಟ್ಟಿದ್ದು, ನಿಮ್ಮ ಮೋರಿಗಲ್ಲ.

ನ್ಯಾಚುರಲ್ ಡೈಗೆ ಹೋದ್ರೆ ಮಾಲಿನ್ಯನೇ ಇರಲ್ಲ ಅಲ್ವಾ?

ಮಾರ್ಡೆಂಟ್‌ಗೆ, ಅಂದ್ರೆ ಬಣ್ಣ ಗಟ್ಟಿಯಾಗಿ ಹಿಡಿಯೋಕೆ, ಏನು ಹಾಕ್ತೀರಿ ಅಂತ ಬರೆದಿಲ್ಲ. ಮೈಲುತುತ್ತ, ಡೈಕ್ರೋಮೇಟ್ ಹಾಕ್ತಿದ್ರೆ ದಯವಿಟ್ಟು ಆ ಮಾತು ಆಡ್ಬೇಡಿ.

ದೊಡ್ಡಬಳ್ಳಾಪುರದಲ್ಲಿ ಬರೀ ಮಗ್ಗ ಇದೆ, ನಮ್ಗೂ ಪ್ಲಾಂಟ್‌ನಲ್ಲಿ ಪಾಲು ತಗೊಳ್ಳಿ ಅಂತಿದಾರೆ.

ಬಣ್ಣ, ಬ್ಲೀಚಿಂಗ್ ಇಲ್ಲಾಂದ್ರೆ ಬೇಡ.

ಪ್ಲಾಂಟ್ ಆಗೋವರೆಗೆ ನೀರನ್ನ ಬತ್ತಿರೋ ಬೋರ್‌ಗೆ ಬಿಡಬಹುದಾ?

ಇದನ್ನ ಮೂರು ಜನ ಕೇಳಿದೀರಿ, ಓದಿ ಕೈ ನಡುಗ್ತು. ಬಿಡಬಾರದು, ಅದು ಅಪರಾಧ, ಒಮ್ಮೆ ಅಂತರ್ಜಲಕ್ಕೆ ಇಳಿದಿದ್ದನ್ನ ತೆಗೆಯೋ ಯಂತ್ರ ನನ್ನ ಹತ್ರನೂ ಇಲ್ಲ. ಈಗಾಗ್ಲೇ ಬಿಟ್ಟಿದ್ರೆ ಇವತ್ತೇ ನಿಲ್ಲಿಸಿ, ಸುತ್ತ ಇರೋ ಮನೆಗಳಿಗೆ ನೀವೇ ಹೋಗಿ ಬೋರ್ ನೀರು ಕುಡೀಬೇಡಿ ಅಂತ ಹೇಳಿ, ಅವ್ರ ನೀರನ್ನ ನಿಮ್ಮ ಖರ್ಚಲ್ಲಿ ಲ್ಯಾಬ್‌ಗೆ ಕಳಿಸಿ.