ಕಮ್ಯೂನಿಟಿ ಕಾಲೇಜಿನ ಕ್ರೆಡಿಟ್ ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಆಗದಿರಬೇಕಾದರೆ

ಮೈಸೂರಿನಲ್ಲಿ ಪಿಸಿಎಂಸಿ ತೆಗೆದುಕೊಂಡು ದ್ವಿತೀಯ ಪಿಯುಸಿ ಮುಗಿಸಿ, ತಂದೆಯವರ ಕೆಲಸದ ನಿಮಿತ್ತ, ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲಿ ವರ್ಜೀನಿಯಾದ ಆಶ್‌ಬರ್ನ್‌ಗೆ ಬಂದಿರುವುದಾಗಿ ಬರೆದಿದ್ದೀರಿ. ಎರಡು ವರ್ಷದ ಪದವಿ ಕೊಡುವ ನಾರ್ದರ್ನ್ ವರ್ಜೀನಿಯಾ ಕಮ್ಯೂನಿಟಿ ಕಾಲೇಜಿನಲ್ಲಿ, ಅಂದರೆ ಇಲ್ಲಿನವರ ಬಾಯಲ್ಲಿ ‘ನೋವಾ’ದಲ್ಲಿ, ಎರಡು ವರ್ಷ ಓದಿ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಮಾಹಿತಿ ತಂತ್ರಜ್ಞಾನ ಪದವಿಗೆ ವರ್ಗಾವಣೆಯಾಗುವ ಇರಾದೆ ನಿಮ್ಮದು. ಮೊದಲ ಸೆಮಿಸ್ಟರಿನಲ್ಲಿ ಯಾವ ಕೋರ್ಸುಗಳನ್ನು ತೆಗೆದುಕೊಳ್ಳಬೇಕೆಂಬುದು ಪ್ರಶ್ನೆ. ಮೊದಲ ಸೆಮಿಸ್ಟರನ್ನು ಸದ್ಯ ಬದಿಗಿಟ್ಟು, ಮೇಸನ್‌ನ ಕ್ಯಾಟಲಾಗಿನಲ್ಲಿ ಆ ಪದವಿಯ ಮೂರನೆಯ ವರ್ಷದ ಕೋರ್ಸುಗಳನ್ನು ತೆರೆಯಿರಿ. ಒಂದೊಂದಕ್ಕೂ ಮೊದಲೇ ಏನು ಮುಗಿಸಿರಬೇಕೆಂದು ಅಲ್ಲಿಯೇ ಬರೆದಿರುತ್ತದೆ. ಅಲ್ಲಿಂದ ಹಿಂದೆ ಹಿಂದೆ ನಡೆದು ಬಂದರೆ ನಿಮ್ಮ ಮೊದಲ ಸೆಮಿಸ್ಟರು ತಾನಾಗಿಯೇ ಸಿಗುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನು ಶಿವಮೊಗ್ಗದಲ್ಲಿ ಬಿ.ಕಾಂ. ಮಾಡಿ, ಮದುವೆಯಾದ ಮೇಲೆ ಈ ದೇಶಕ್ಕೆ ಬಂದವಳು. ಇಲ್ಲಿನ ಬೇರೊಂದು ರಾಜ್ಯದ ಕಮ್ಯೂನಿಟಿ ಕಾಲೇಜಿಗೆ ಸೇರಿದಾಗ, ಹೆಸರಿನಲ್ಲಿ ಕಂಪ್ಯೂಟರಿನ ವಾಸನೆ ಇದ್ದ ಕೋರ್ಸನ್ನೆಲ್ಲ ಹಿಡಿದೆ: ನೆಟ್‌ವರ್ಕಿಂಗ್ ಎರಡು, ಹಾರ್ಡ್‌ವೇರ್ ರಿಪೇರಿ ಒಂದು, ವೆಬ್ ವಿನ್ಯಾಸ ಒಂದು, ಒಟ್ಟು 12 ಕ್ರೆಡಿಟ್ (ಕ್ರೆಡಿಟ್ ಎಂದರೆ ಮುಗಿಸಿದ ಕೋರ್ಸು ಪದವಿಯ ಲೆಕ್ಕಕ್ಕೆ ಎಷ್ಟು ಎಂದು ಅಳೆಯುವ ಮಾನ). ನಾಲ್ಕರಲ್ಲಿಯೂ ‘ಎ’ ಬಂತು. ವಿಶ್ವವಿದ್ಯಾಲಯ ಕಳುಹಿಸಿದ ಮೌಲ್ಯಮಾಪನದ ಹಾಳೆಯಲ್ಲಿ ಹನ್ನೆರಡಕ್ಕೆ ಹನ್ನೆರಡೂ ‘ಸ್ವೀಕೃತ’ ಎಂದಿತ್ತು. ಸಂತೋಷದಿಂದ, ಕೋರ್ಸು ಆರಿಸಲು ನೆರವಾಗುವ ಅಡ್ವೈಸರ್ ಮುಂದೆ ಕುಳಿತಾಗ ಆಕೆ ಪೆನ್ನಿನ ತುದಿಯಿಂದ ಕೋರ್ಸಿನ ಸಂಖ್ಯೆ ಇರಬೇಕಾದ ಕಡೆ ತೋರಿಸಿದರು. ನಾಲ್ಕೂ ಸಾಲಿನಲ್ಲಿ ‘1ಎಕ್ಸ್‌ಎಕ್ಸ್’ ಎಂದಿತ್ತು. ಅದರರ್ಥ, ಕ್ರೆಡಿಟ್ ಬಂದಿದೆ, ಆದರೆ ಪದವಿಗೆ ಬೇಕಾದ ಯಾವ ಕೋರ್ಸಿಗೂ ಅದು ಸಾಟಿಯಾಗಿಲ್ಲ. ಐಚ್ಛಿಕಕ್ಕೆ ನನ್ನ ಪದವಿಯಲ್ಲಿ ಆರು ಕ್ರೆಡಿಟ್‌ಗಷ್ಟೇ ಜಾಗವಿತ್ತು. ಉಳಿದ ಆರು ನಮ್ಮೂರ ಮಕ್ಕಳ ಆಟದ ಭಾಷೆಯಲ್ಲಿ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಒಂದು ಸೆಮಿಸ್ಟರು ಹೆಚ್ಚಿಗೆ ಓದಬೇಕಾಯಿತು. ತಪ್ಪು ಮುಖ್ಯವಾಗಿ ನನ್ನದೇ, ಕೇಳದೆ ಆರಿಸಿಕೊಂಡವಳು ನಾನು.

ನೋವಾದಲ್ಲಿ ಈ ಬಗೆಯ ತಪ್ಪಿಗೆ ಬಾಗಿಲು ತೆರೆದಿರುವುದು ಪದವಿಯ ಹೆಸರಿನಲ್ಲಿಯೇ. ಅಲ್ಲಿ ‘ಅಸೋಸಿಯೇಟ್ ಆಫ್ ಸೈನ್ಸ್’ (ಎ.ಎಸ್.) ಇದೆ, ‘ಅಸೋಸಿಯೇಟ್ ಆಫ್ ಅಪ್ಲೈಡ್ ಸೈನ್ಸ್’ (ಎ.ಎ.ಎಸ್.) ಕೂಡ ಇದೆ. ಎರಡರಲ್ಲಿಯೂ ಮಾಹಿತಿ ತಂತ್ರಜ್ಞಾನ ಎಂಬ ಮಾತು ಬರುತ್ತದೆ. ಮೊದಲನೆಯದನ್ನು ವರ್ಗಾವಣೆಗೆಂದೇ ಕಟ್ಟಲಾಗಿದೆ, ಎರಡನೆಯದನ್ನು ನೇರವಾಗಿ ಕೆಲಸಕ್ಕೆ ಹೋಗುವವರಿಗಾಗಿ. ಎರಡನೆಯದು ಕೀಳೆಂದು ನಾನು ಹೇಳುತ್ತಿಲ್ಲ. ಆ ಪದವಿ ಪಡೆದವರಿಗಾಗಿ ಮೇಸನ್‌ನಲ್ಲಿ ‘ಬ್ಯಾಚುಲರ್ ಆಫ್ ಅಪ್ಲೈಡ್ ಸೈನ್ಸ್’ ಎಂಬ ಬೇರೆ ದಾರಿಯೂ ಇದೆ. ಆದರೆ ನೀವು ಹೇಳುತ್ತಿರುವ ಪದವಿಗೆ ಹೋಗುವವರು ಅರ್ಜಿಯಲ್ಲಿ ಎ.ಎಸ್. ಎಂದೇ ಗುರುತು ಮಾಡಬೇಕು.

ಇನ್ನು ಒಂದು ಮುಗಿಯದೆ ಮುಂದಿನದು ಸಿಗದ ಕೋರ್ಸುಗಳ ಸರಪಳಿಯ ವಿಚಾರ. ಪ್ರೋಗ್ರಾಮಿಂಗ್‌ನಲ್ಲಿ ನೋವಾದ ಸಿಎಸ್‌ಸಿ (ಕಂಪ್ಯೂಟರ್ ಸೈನ್ಸ್) 221 ಮುಗಿಯದೆ 222 ಸಿಗುವುದಿಲ್ಲ, 222 ಮುಗಿಯದೆ ದತ್ತಾಂಶ ರಚನೆಗಳ 223 ಸಿಗುವುದಿಲ್ಲ. ಮೂರಕ್ಕೆ ಸಾಮಾನ್ಯವಾಗಿ ಮೂರು ಸೆಮಿಸ್ಟರು ಬೇಕು, ಎಷ್ಟೇ ಬುದ್ಧಿವಂತರಾದರೂ ಒಟ್ಟಿಗೆ ಓದುವಂತಿಲ್ಲ. ಐಟಿ ಪದವಿಗೆ ಮೂರನೆಯದು ಬೇಡವಾಗಬಹುದು. ಆದರೆ ನಡುವೆ ಮನಸ್ಸು ಬದಲಾಗಿ ಕಂಪ್ಯೂಟರ್ ಸೈನ್ಸ್ ಕಡೆಗೆ ತಿರುಗಿದರೆ ಅದೂ ಬೇಕು, ಕನಿಷ್ಠ ಎರಡು ಕ್ಯಾಲ್ಕುಲಸ್ ಕೋರ್ಸುಗಳೂ ಬೇಕು. ಆದ್ದರಿಂದ ಮೊದಲ ಸೆಮಿಸ್ಟರಿನಲ್ಲಿಯೇ 221 ಇರಲಿ. ಸಮಾಜಶಾಸ್ತ್ರವನ್ನೋ ಇತಿಹಾಸವನ್ನೋ ನಾಲ್ಕನೆಯ ಸೆಮಿಸ್ಟರಿನಲ್ಲಿ ಓದಿದರೂ ಏನೂ ಕೆಡುವುದಿಲ್ಲ, ಸರಪಳಿಯ ಮೊದಲ ಕೊಂಡಿ ತಡವಾದರೆ ಮಾತ್ರ ಹಿಂದಿರುವುದೆಲ್ಲ ತಡವಾಗುತ್ತದೆ.

ಗಣಿತದಲ್ಲಿ ನಮ್ಮವರು ಮಾಡುವ ತಪ್ಪು ಇನ್ನೊಂದು ಬಗೆಯದು. ಪಿಯುಸಿಯಲ್ಲಿ ಅವಕಲನ, ಅನುಕಲನ ಎಲ್ಲ ಮಾಡಿ ಬಂದವರು, ‘ಸುಲಭವಾಗಿ ಎ ಬರುತ್ತದೆ’ ಎಂದು ಎಂಟಿಎಚ್ (ಗಣಿತ) 161ರ ಪ್ರಿಕ್ಯಾಲ್ಕುಲಸ್‌ಗೆ, ಅಂದರೆ ಅವುಗಳಿಗೂ ಮುಂಚಿನ ಗಣಿತಕ್ಕೆ, ಸೇರಿಬಿಡುತ್ತಾರೆ. ಆ ಎ ವರ್ಗಾವಣೆಯಲ್ಲಿ ಹೆಚ್ಚೇನೂ ಕೊಡುವುದಿಲ್ಲ, ಏಕೆಂದರೆ ಮೇಸನ್‌ಗೆ ಬರುವುದು ಕ್ರೆಡಿಟ್ ಮಾತ್ರ, ಅಲ್ಲಿ ಸರಾಸರಿ ಅಂಕ ಹೊಸದಾಗಿ ಶುರುವಾಗುತ್ತದೆ. ನಿಮ್ಮ ಪಿಯುಸಿ ಅಂಕಪಟ್ಟಿಯನ್ನು ಇಲ್ಲಿ ಹೈಸ್ಕೂಲು ಮುಗಿಸಿದ್ದಕ್ಕೆ ಸಮ ಎಂದು ನೋಡುತ್ತಾರೆಯೇ ಹೊರತು ಅದಕ್ಕೆ ಕ್ರೆಡಿಟ್ ಕೊಡುವುದಿಲ್ಲ. ಆದರೆ ಯಾವ ಹಂತದಿಂದ ಗಣಿತ ಶುರುಮಾಡಬಹುದು ಎಂಬುದನ್ನು ಅಡ್ವೈಸರ್ ಬಳಿ ಮಾತನಾಡಿ ತೀರ್ಮಾನಿಸಿಕೊಳ್ಳಬಹುದು. ಧೈರ್ಯವಿದ್ದರೆ ಕ್ಯಾಲ್ಕುಲಸ್‌ನ 263ರಿಂದಲೇ ಹಿಡಿಯಿರಿ. ಸಂಖ್ಯಾಶಾಸ್ತ್ರದ 245ನ್ನು ಮುಂದಿನ ಸೆಮಿಸ್ಟರಿಗೆ ಇಟ್ಟುಕೊಳ್ಳಿ. ಇಂಗ್ಲಿಷ್ 111 ಮೊದಲ ಸೆಮಿಸ್ಟರಿಗೇ ಇರಲಿ, 112 ಅದರ ಹಿಂದೆಯೇ ಬರಲಿ. ಮೇಸನ್ ಒಂದು ಭಾಷಣ ಕಲೆಯ ಕೋರ್ಸನ್ನೂ ಕೇಳುತ್ತದೆ, ಅದನ್ನು ನೋವಾದಲ್ಲಿಯೇ ಮುಗಿಸಿಕೊಂಡು ಹೋಗುವುದು ಒಳ್ಳೆಯದು.

ಎಷ್ಟು ಕ್ರೆಡಿಟ್ ಕೂಡಿಸಬೇಕು? ಅರವತ್ತರ ಆಸುಪಾಸು ಸಾಕು. ಪದವಿಗೆ ಬೇಕಾದ 120ರಲ್ಲಿ ಕನಿಷ್ಠ 45 ಕ್ರೆಡಿಟ್ ಮೇಲಿನ ಹಂತದ್ದು, ಅಂದರೆ 300 ಅಥವಾ ಅದಕ್ಕೂ ಮೇಲಿನ ಸಂಖ್ಯೆಯದ್ದಾಗಿರಬೇಕೆಂದು ಮೇಸನ್ ನಿಯಮ ಮಾಡಿದೆ. ಕಮ್ಯೂನಿಟಿ ಕಾಲೇಜಿನ ಕೋರ್ಸುಗಳೋ 100 ಮತ್ತು 200ರ ಸಂಖ್ಯೆಯವು. ಅಗ್ಗವೆಂದು ನೋವಾದಲ್ಲಿಯೇ ಎಂಬತ್ತು ಮಾಡಿಕೊಂಡರೆ ಹಣವೂ ಉಳಿಯುವುದಿಲ್ಲ, ಕಾಲವೂ ಉಳಿಯುವುದಿಲ್ಲ. ‘ಸಿ’ಗಿಂತ ಕಡಿಮೆ ಬಂದ ಕೋರ್ಸು ವರ್ಗಾವಣೆಯಾಗುವುದಿಲ್ಲ ಎಂಬುದೂ ನೆನಪಿರಲಿ.

ಈ ಎರಡು ಸಂಸ್ಥೆಗಳು ಸೇರಿ 2018ರಲ್ಲಿ ‘ಅಡ್ವಾನ್ಸ್’ ಎಂಬ ಕಾರ್ಯಕ್ರಮವನ್ನು ಆರಂಭಿಸಿವೆ. ಅದರಲ್ಲಿ ಯಾವ ಪದವಿಗೆ ಯಾವ ಕೋರ್ಸು ಎಂಬ ದಾರಿ ಮೊದಲೇ ಹಾಕಿರುತ್ತಾರೆ. ಹೊಸದಾಗಿ ಸೇರುವವರಿಗೆ ಇದಕ್ಕಿಂತ ನೆಮ್ಮದಿಯ ಹಾದಿ ನನಗೆ ಕಂಡಿಲ್ಲ. ಕ್ರೆಡಿಟ್ ಹೆಚ್ಚು ಕೂಡುವ ಮೊದಲೇ, ಆರಂಭದಲ್ಲಿಯೇ ಸೇರಿಕೊಳ್ಳಿ.

ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತೊಂದಿದೆ. ಎಚ್-4ರಲ್ಲಿ ಪೂರ್ಣಾವಧಿಯೋ ಅರೆಕಾಲಿಕವೋ ನಿಮ್ಮಿಷ್ಟದಂತೆ ಓದಬಹುದು, ಆದರೆ 21 ತುಂಬಿದ ದಿನ ಆ ಆಸರೆ ತಪ್ಪುತ್ತದೆ. ಅದಕ್ಕೂ ಮೊದಲೇ ಅರ್ಜಿ ಹಾಕಿ ವಿದ್ಯಾರ್ಥಿ ವೀಸಾ ಎಫ್-1ಕ್ಕೆ ಬದಲಾಯಿಸಿಕೊಂಡರೆ ಸೆಮಿಸ್ಟರಿಗೆ 12 ಕ್ರೆಡಿಟ್ ಕಡ್ಡಾಯ. ಆ ಹನ್ನೆರಡರ ಲೆಕ್ಕಕ್ಕೆ ಆನ್‌ಲೈನ್ ಕೋರ್ಸು ಒಂದಷ್ಟೇ ಬರುತ್ತದೆ, ರಾಜ್ಯದವರಿಗಿರುವ ಕಡಿಮೆ ಶುಲ್ಕವೂ ಸಾಮಾನ್ಯವಾಗಿ ಸಿಗುವುದಿಲ್ಲ. ನಿಮ್ಮ ಇಪ್ಪತ್ತೊಂದನೆಯ ಹುಟ್ಟುಹಬ್ಬ ಎಷ್ಟನೆಯ ಸೆಮಿಸ್ಟರಿನಲ್ಲಿ ಬೀಳುತ್ತದೆ ಎಂದು ಇಂದೇ ಎಣಿಸಿ, ಮನೆಯವರೊಡನೆ ಕುಳಿತು ವಕೀಲರನ್ನು ಕಾಣಿರಿ.

ಕಡೆಯದಾಗಿ, ಪ್ರತಿ ಕೋರ್ಸಿನ ಸಿಲಬಸ್ಸನ್ನೂ ಮೊದಲ ವಾರವೇ ಪಿಡಿಎಫ್ ಮಾಡಿಟ್ಟುಕೊಳ್ಳಿ. ನನ್ನ ಅಕ್ಕನ ಮಗಳು ನೋವಾದಿಂದ ಮೇಸನ್‌ಗೆ ಹೋದಾಗ ಅವಳ ಹಾಳೆಯಲ್ಲಿಯೂ ಒಂದು ಕೋರ್ಸಿನ ಮುಂದೆ ಸಂಖ್ಯೆ ಇರಲಿಲ್ಲ. ಅವಳ ಬಳಿ ಸಿಲಬಸ್ ಇತ್ತು. ವಾರವಾರದ ಪಾಠಪಟ್ಟಿಯಲ್ಲಿ ಹೊಂದುವ ಭಾಗಗಳಿಗೆ ಹಳದಿ ಬಣ್ಣ ಬಳಿದು, ಮರುಪರಿಶೀಲನೆಗೆ ಮಿಂಚಂಚೆ ಬರೆದಳು. ಮೂರು ವಾರ ಉತ್ತರವಿಲ್ಲ, ಮತ್ತೊಮ್ಮೆ ಬರೆದಳು. ನಾಲ್ಕನೆಯ ವಾರ ನೋಡಿದರೆ ಖಾಲಿ ಇದ್ದ ಕಡೆ ಸಂಖ್ಯೆ ಬಂದಿತ್ತು, ಅವಳು ಆ ಸಂಜೆಯೇ ಮುಂದಿನ ಕೋರ್ಸಿಗೆ ಹೆಸರು ನೋಂದಾಯಿಸಿದಳು.