ಸಾಕುನಾಯಿ ಜೊತೆ ಕಾಡು, ಕೆರೆ, ಬೀಚಿನಲ್ಲಿ ಟೆಂಟ್ ಹಾಕಬಹುದಾ?

ಬಂಡೀಪುರ, ನಾಗರಹೊಳೆಯಂಥ ಹುಲಿ ಕಾಡುಗಳನ್ನು ಮೊದಲೇ ಬಿಟ್ಟುಬಿಡಿ. ಅಲ್ಲಿಗೆ ನಾಯಿ ಕರೆದೊಯ್ಯುವಂತಿಲ್ಲ. ಕಾರಣ ಬರೀ ಬೊಗಳಾಟ ಅಲ್ಲ, ರೋಗ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತವು. ಪರೀಕ್ಷೆ ಮಾಡಿದಾಗ ಕೆಲವದರಲ್ಲಿ ಕೆನೈನ್ ಡಿಸ್ಟೆಂಪರ್ ವೈರಸ್ ಸಿಕ್ಕಿತು. ನಾಯಿಗಳಲ್ಲಿ ಸಾಮಾನ್ಯವಾಗಿ ಕಾಣುವ ರೋಗ ಅದು.

ಕಾಡಿನ ಅನುಭವವೇ ಬೇಕು ಅಂದರೆ ಸಕಲೇಶಪುರ, ಕೊಡಗಿನ ಕಡೆ ನಾಯಿಗೆ ಒಪ್ಪುವ ಖಾಸಗಿ ಎಸ್ಟೇಟ್‌ಗಳನ್ನು ಹುಡುಕಿ. ಫೋನ್ ಮಾಡಿ ಕೇಳಿಕೊಂಡೇ ಹೋಗಿ. ರಾತ್ರಿ ಮಾತ್ರ ನಾಯಿಯನ್ನು ಟೆಂಟ್ ಹೊರಗೆ ಕಟ್ಟಬೇಡಿ, ದಯವಿಟ್ಟು. ಚಿರತೆಗೆ ನಾಯಿ ಅಂದರೆ ಸುಲಭದ ಬೇಟೆ.

ಉಣ್ಣೆ ಹುಳದ ಬಗ್ಗೆ ಜಾಸ್ತಿ ಎಚ್ಚರ ಬೇಕು. ನಾಯಿಗೆ ಉಣ್ಣೆ ಜ್ವರ ಬರುತ್ತದೆ. ಮಲೆನಾಡಿನಲ್ಲಿ ಮನುಷ್ಯರಿಗೆ ಮಂಗನ ಕಾಯಿಲೆ ಹರಡುವುದೂ ಉಣ್ಣೆಯಿಂದಲೇ. ಅದು ಮೊದಲು ಪತ್ತೆಯಾಗಿದ್ದು 1957ರಲ್ಲಿ, ಸೊರಬದ ಕ್ಯಾಸನೂರಿನಲ್ಲಿ. ಬೇಸಿಗೆಯಲ್ಲಿ ಹಾವಳಿ ಹೆಚ್ಚು. ಹೊರಡುವ ಮೊದಲೇ ವೈದ್ಯರನ್ನು ಕೇಳಿ ಉಣ್ಣೆ ಔಷಧಿ ಹಾಕಿಸಿ. ಟೆಂಟ್ ಒಳಗೆ ಬಿಡುವ ಮುನ್ನ ಕಿವಿ, ಬೆರಳ ಸಂದು, ಕಂಕುಳು ನೋಡಿ.

ಕೆರೆ ಬದಿ ನಿಂತ ನೀರು ಕುಡಿಯಲು ಬಿಡಬೇಡಿ. ಇಲಿ ಜ್ವರ ಇಂಥ ನೀರಿನಿಂದಲೂ ಬರುತ್ತದೆ. ಅದರ ಲಸಿಕೆ ಹಾಕಿಸಿದ್ದರೂ ಅಷ್ಟೇ, ಕುಡಿಸಬೇಡಿ.

ಗೋಕರ್ಣದಂಥ ಬೀಚಿನಲ್ಲಿ ಬೀದಿನಾಯಿಗಳ ಗುಂಪು ಇರುತ್ತದೆ, ಹಗ್ಗ ಬಿಡಬೇಡಿ. ಉಪ್ಪು ನೀರು ಕುಡಿದರೆ ವಾಂತಿ, ಭೇದಿ ಆಗುತ್ತದೆ. ಮಧ್ಯಾಹ್ನದ ಮರಳಿಗೆ ಅಂಗೈ ಒತ್ತಿ ನೋಡಿ. ನಿಮಗೆ ಸುಟ್ಟರೆ ಅದಕ್ಕೂ ಸುಡುತ್ತದೆ ಅಲ್ವಾ?